ನೆತ್ತಿಗೆ ಹತ್ತಿದ ಶೇಂಗಾ

ಮಗು ರಕ್ತ ಉಗುಳಿತು ಅಂದರೆ ನಾವು ಮಕ್ಕಳ ಡಾಕ್ಟರುಗಳು ಮೊದಲು ನೋಡುವುದು ಮೂಗು. ಎಷ್ಟೋ ಸಲ ಮೂಗಿನ ರಕ್ತವೇ ಗಂಟಲಿಗಿಳಿದು ಬಾಯಿಗೆ ಬಂದಿರುತ್ತದೆ. ವಾಂತಿಯ ರಕ್ತ ಸಾಮಾನ್ಯವಾಗಿ ಕಪ್ಪು, ಶ್ವಾಸಕೋಶದ್ದು ಕೆಂಪು, ನೊರೆನೊರೆ. ಆದರೆ ಚಿಕ್ಕ ಮಕ್ಕಳು ಕಫ ನುಂಗಿಬಿಡುತ್ತವೆ, ಆಗ ಈ ಲೆಕ್ಕವೂ ಕೈಕೊಡುತ್ತದೆ.

ಮುಂಬೈಯ ನಮ್ಮ ವಾರ್ಡಿಗೆ ಬಂದ 4 ವರ್ಷದ ಹುಡುಗನ ಫೈಲಿನಲ್ಲಿ ‘ರಕ್ತವಾಂತಿ’ ಎಂದಿತ್ತು. ತಾಯಿ ಯಾದಗಿರಿ ಕಡೆಯವರು, ಕಟ್ಟಡದ ಕೆಲಸ. ಹಿಂದಿಯ ಪ್ರಶ್ನೆಗಳಿಗೆಲ್ಲ ‘ಹಾಂ’ ಅನ್ನುತ್ತಿದ್ದರು. ಕನ್ನಡದಲ್ಲಿ ಕೇಳಿದೆ.

“ವಾಂತಿ ಅಲ್ರೀ, ಕೆಮ್ಮಿದ್ರ ಬರ್ತದ. ಎರಡ್ ತಿಂಗಳಾತು, ಶೇಂಗಾ ತಿನ್ನೂವಾಗ ನೆತ್ತಿಗೆ ಹತ್ತಿತ್ತು. ಆವತ್ತಿಂದ ಕೆಮ್ಮೇ ನೋಡ್ರೀ.”

ನೆತ್ತಿಗೆ ಹತ್ತಿತು ಅಂತ ನಾವು ನೆತ್ತಿ ತಟ್ಟುತ್ತೇವೆ. ಕಾಳು ಹೋಗುವುದು ಕೆಳಕ್ಕೆ, ಹೆಚ್ಚಾಗಿ ಬಲ ಶ್ವಾಸನಾಳಕ್ಕೆ. ಅಲ್ಲೇ ಕೂತು ಸೋಂಕು, ಕೀವು, ಕೊನೆಗೆ ರಕ್ತ. ಎಕ್ಸ್‌ರೇಯಲ್ಲಿ ಶೇಂಗಾ ಕಾಣುವುದಿಲ್ಲ. ಹುಡುಗನ ಎದೆಯ ಬಲಭಾಗದಲ್ಲಿ ಉಸಿರಿನ ಸದ್ದು ಕಡಿಮೆಯಿತ್ತು. ಎಡ ಶ್ವಾಸಕೋಶಕ್ಕೆ ರಕ್ತ ಇಳಿಯದಿರಲೆಂದು ಬಲಮಗ್ಗುಲಿಗೇ ಮಲಗಿಸಿದೆವು. ನಮ್ಮ ದೇಶದಲ್ಲಿ ಟಿಬಿ ಪರೀಕ್ಷೆ ಬಿಡುವಂತಿಲ್ಲ, ಅದನ್ನೂ ಕಳಿಸಿದೆವು. ವರದಿಗೆ ಕಾಯದೆ ಬ್ರಾಂಕೋಸ್ಕೋಪಿ ಮಾಡಿಸಿದೆವು.

ಸಿಕ್ಕಿದ್ದು ಕೊಳೆತ ಅರ್ಧ ಬೇಳೆ. ಬಾಟಲಿಯಲ್ಲಿ ಹಾಕಿ ತಾಯಿಗೆ ತೋರಿಸಿದೆ.

“ಇಷ್ಟೇ ಏನ್ರೀ?” ಅಂದರು.