ಹಿಮದಿಂದ ತಲೆಯೆತ್ತಿದ ಬೆಟ್ಟ

ಮೈತ್ರಿ ನಿಲ್ದಾಣ, ಅಂಟಾರ್ಕ್ಟಿಕಾ
ಜನವರಿ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಕ್ಷೇಮ. ಊಟಕ್ಕೂ ಬೆಚ್ಚಗಿನ ಬಟ್ಟೆಗೂ ಕೊರತೆಯಿಲ್ಲ ಎಂದು ಮೊದಲು ಅಮ್ಮನಿಗೆ ಹೇಳಿಬಿಡಿ. ಈ ಸಲ ಬರೆಯುತ್ತಿರುವುದು ಒಂದು ಬೆಟ್ಟದ ವಿಷಯ.

ಇಲ್ಲಿಂದ ದಕ್ಷಿಣಕ್ಕೆ ಹೆಲಿಕಾಪ್ಟರಿನಲ್ಲಿ ಹೊರಟರೆ ಬಹಳ ಹೊತ್ತು ಕೆಳಗೆ ಬಿಳುಪು ಬಿಟ್ಟು ಏನೂ ಕಾಣದು. ವೋಲ್ಥಾಟ್ ಬೆಟ್ಟಸಾಲು ಹತ್ತಿರವಾದಂತೆ ಹಿಮದ ನಡುವೆ ಕಪ್ಪು ಶಿಖರಗಳು ಅಲ್ಲೊಂದು ಇಲ್ಲೊಂದು ಒಂಟಿಯಾಗಿ ಎದ್ದು ನಿಲ್ಲುತ್ತವೆ. ಇವನ್ನು ನುನಾಟಕ್ ಅನ್ನುತ್ತಾರೆ. ನಾವು ಕಾಣುವುದು ತುದಿಯನ್ನಷ್ಟೆ, ಉಳಿದ ಬೆಟ್ಟವೆಲ್ಲ ಹಿಮದಲ್ಲಿ ಹೂತಿದೆ. ಬುಡದಲ್ಲಿ ಗಾಳಿ ಸುತ್ತಿ ಸುತ್ತಿ ಹಿಮವನ್ನು ಕೊರೆದು ಕಂದಕ ಮಾಡಿದೆ. ಗಾಳಿ ಕೊರೆಯುತ್ತಿದ್ದರೂ ಬಿಸಿಲಿಗೆ ಮುಖ ಮಾಡಿದ ಬಂಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಹಕ್ಕಿ ಹಿಕ್ಕೆಯ ಸಾರ ಹರಿದಲ್ಲೆಲ್ಲ ಕಿತ್ತಳೆ ಬಣ್ಣದ ಕಲ್ಲುಹೂವು.

ಹೌದಪ್ಪ, ಇಲ್ಲಿ ಹಕ್ಕಿಗಳಿವೆ! ಹಿಮ ಪೆಟ್ರೆಲ್ ಎಂದು ಹೆಸರು. ಮೈಯೆಲ್ಲ ಅಚ್ಚ ಬಿಳಿ, ಕೊಕ್ಕು, ಕಣ್ಣು ಮಾತ್ರ ಕಪ್ಪು. ನೂರು ಕಿಲೋಮೀಟರಿಗೂ ಆಚೆಯ ಸಮುದ್ರದಿಂದ ಮೀನು, ಸೀಗಡಿಯಂಥ ಕ್ರಿಲ್ ತಿಂದು ಬಂದು, ಬಂಡೆಯ ಸಂದಿಯಲ್ಲಿ ಕೂತ ಒಂದೇ ಒಂದು ಮರಿಗೆ ಉಣಿಸುತ್ತವೆ. ಹತ್ತಿರ ಹೋದವರ ಮೇಲೆ ಹೊಟ್ಟೆಯ ಎಣ್ಣೆಯನ್ನು ಉಗುಳುತ್ತವೆ. ಆ ನಾತ ಎಷ್ಟು ಒಗೆದರೂ ಬಟ್ಟೆ ಬಿಡದು.

ಆ ಎಣ್ಣೆಯೇ ಗೂಡಿನ ಬಾಯಲ್ಲಿ ಗಟ್ಟಿಯಾಗಿ ಪದರದ ಮೇಲೆ ಪದರ ಕೂತಿದೆ. ಒಂದು ಚೂರನ್ನು ಭೂತಗನ್ನಡಿಯಲ್ಲಿ ನೋಡಿದೆ: ಹಳೆಯ ಜೇನುಮೇಣದ ಹಾಗೆ ಹಳದಿ-ಕಂದು, ಅಂಚಿನಲ್ಲಿ ಎಳೆಎಳೆಯಾದ ಗೆರೆಗಳು. ಇದೇ ಸೀಮೆಯ ಉಂಟರ್‌ಸೀ ಸರೋವರದ ಬಳಿ ಸಿಕ್ಕ ಇಂಥ ಪದರಕ್ಕೆ 30,000 ವರ್ಷಕ್ಕೂ ಹೆಚ್ಚು ವಯಸ್ಸು. ಅಂದರೆ ಕಳೆದ ಹಿಮಯುಗದ ಚಳಿ ಉತ್ತುಂಗಕ್ಕೇರುವ ಮೊದಲೇ ಆ ಇಳಿಜಾರು ಬಯಲಾಗಿತ್ತು, ಹಕ್ಕಿ ಹಾರಿ ಮುಟ್ಟುವಷ್ಟು ದೂರದಲ್ಲೇ ತೆರೆದ ನೀರೂ ಇತ್ತು. ಒಂದು ಹಕ್ಕಿಯ ಉಗುಳು ಇಷ್ಟು ಹೇಳುತ್ತದೆ ಎಂಬುದು ನನಗೆ ಇನ್ನೂ ಅಚ್ಚರಿಯೇ.

ನಮ್ಮ ಕೆಲಸ ಕಲ್ಲಿನದು. ಹಿಂದೆ ಹಿಮ ಎತ್ತರದಲ್ಲಿದ್ದಾಗ ಹೊತ್ತು ತಂದ ಬೇರೆ ಕಡೆಯ ಕಲ್ಲುಗಳನ್ನು, ಇಳಿಯುವಾಗ ಶಿಖರದ ಮೈಮೇಲೆ ಬಿಟ್ಟುಹೋಗಿದೆ. ಹೊರಬಿದ್ದ ಕಲ್ಲಿನ ಸ್ಫಟಿಕದಲ್ಲಿ ಬ್ರಹ್ಮಾಂಡ ಕಿರಣಗಳಿಂದ ಬೆರಿಲಿಯಂ-10 ಹುಟ್ಟುತ್ತಾ ಹೋಗುತ್ತದೆ. ಅದನ್ನು ಅಳೆದರೆ ಆ ಎತ್ತರದಿಂದ ಹಿಮ ಯಾವಾಗ ಇಳಿಯಿತೆಂದು ತಿಳಿಯುತ್ತದೆ. ಸಮುದ್ರ ಮುಂದೆ ಎಷ್ಟು ಏರೀತು ಎಂದು ಕಂಪ್ಯೂಟರಿನಲ್ಲಿ ಹಾಕುವ ಲೆಕ್ಕವನ್ನು ಒರೆಗೆ ಹಚ್ಚಲು ಇಂಥ ಅಳತೆಗಳು ಬೇಕೇ ಬೇಕು. ಈ ಬೆಟ್ಟಗಳು ಇಲ್ಲದಿದ್ದರೆ ಒಳನಾಡಿನ ಹಿಮದ ಏರಿಳಿತವನ್ನು ಎಲ್ಲಿ ಓದುತ್ತಿದ್ದೆವೋ!

ನೀವು ಒಂದು ಕಲ್ಲು ತಾ ಎಂದಿದ್ದಿರಿ. ತರುವ ಹಾಗಿಲ್ಲ, ಅಪ್ಪ. ಅನುಮತಿ ಪಡೆದು ತೆಗೆದ ಮಾದರಿಗಳೆಲ್ಲ ಪ್ರಯೋಗಾಲಯಕ್ಕೆ. ಆದರೆ ಈ ಸೀಮೆಯ ಬೆಟ್ಟಗಳಲ್ಲಿ ಚಾರ್ನೊಕೈಟ್ ಇದೆ, ನಮ್ಮ ಬಿಳಿಗಿರಿರಂಗನ ಬೆಟ್ಟದ್ದೂ ಅದೇ ಜಾತಿಯ ಕಲ್ಲು. ಇಲ್ಲಿಯದು ಬಹುಪಾಲು 50–60 ಕೋಟಿ ವರ್ಷದ್ದು, ನಮ್ಮದು 250 ಕೋಟಿಯಷ್ಟು ಹಳೆಯದು. ಬಂದಮೇಲೆ ಬೆಟ್ಟದ ರಸ್ತೆ ಕಡಿದ ಕಡೆ ನಿಂತು ತೋರಿಸುತ್ತೇನೆ. ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡಿ.

ನಿಮ್ಮ ಪ್ರೀತಿಯ ಮಗಳು