ಕಾಕಾನ ಕೋಟೆ ಬಾಗಿಲು

ನಮ್ಮ ಚಚಡಿಯಲ್ಲಿ ದೇಸಾಯರ ವಾಡೆ ಇರುವುದರಿಂದಲೋ ಏನೋ, ‘ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು’ ಎಂಬ ಗಾದೆ ಎಲ್ಲರ ಬಾಯಲ್ಲೂ ತಯಾರಿರುತ್ತದೆ. ಮಗ ನಪಾಸಾದ ಮೇಲೆ ಟ್ಯೂಷನ್ ಹಚ್ಚಿದರೂ ಅದೇ, ಮಳೆ ನಿಂತ ಮೇಲೆ ಪತ್ರಾಸು ಬದಲಿಸಿದರೂ ಅದೇ.

ಕಾಕಾ ಅದನ್ನು ತನ್ನ ಪುಪ್ಪುಸಕ್ಕೂ ಹಚ್ಚಿದ. ಹುಬ್ಬಳ್ಳಿಯಲ್ಲಿ ತುಣುಕು ತೆಗೆದು ತಪಾಸಣೆ ಮಾಡಿಸಿ, ಕ್ಯಾನ್ಸರ್ ಎಂದು ರಿಪೋರ್ಟ್ ಬಂದ ದಿನ, ಬಸ್ಸಿಳಿದವನೇ ಕಟ್ಟೆಗೆ ಕುಳಿತು ಬೀಡಿಕಟ್ಟು ಬಿಚ್ಚಿದ. ನಾನು ದುರುಗುಟ್ಟಿ ನೋಡಿದೆ.

‘ಯಾಕ ಹಂಗ ನೋಡ್ತೀಯೋ ತಮ್ಮಾ? ಊರು ಕೊಳ್ಳಿ ಹೋಗೇತಿ. ಇನ್ನ ಬಾಗಲಾ ಹಾಕಿ ಏನ ಮಾಡೂದೈತಿ?’

ಕಡ್ಡಿ ಗೀರಿಯೇಬಿಟ್ಟ.

ಗಾದೆ ಹೇಳುವವನ ಜೊತೆ ವಾದ ಕಷ್ಟ. ಅದೂ ನಿಪ್ಪಾಣಿ ಇರುವ ಜಿಲ್ಲೆಯಲ್ಲಿ! 1981ರಲ್ಲಿ ದರಕ್ಕಾಗಿ ರೈತರು ಹೆದ್ದಾರಿಗೇ ಅಡ್ಡ ಕೂತ ಬೆಳೆ ತಂಬಾಕು. ಅದನ್ನು ಬೈದರೆ ಬೀಗರನ್ನು ಬೈದಂತೆ.

ಆದರೆ ಲೆಕ್ಕ ಕಾಕಾನ ಕಡೆಗಿಲ್ಲ. ಮಾಸ್ಕೋದಲ್ಲಿ ಪುಪ್ಪುಸದ ಕ್ಯಾನ್ಸರ್ ಇನ್ನೂ ಬಹಳ ಹಬ್ಬಿರದ 517 ಸೇದುಗರನ್ನು ವರ್ಷಗಟ್ಟಲೆ ಗಮನಿಸಿದರು. 2021ರಲ್ಲಿ ಬಂದ ವರದಿ ಇಷ್ಟು: ರೋಗ ಗೊತ್ತಾದ ಮೇಲೆ ಬಿಟ್ಟವರು ಬಿಡದವರಿಗಿಂತ ಸುಮಾರು 22 ತಿಂಗಳು ಹೆಚ್ಚು ಬದುಕಿದರು. ಐದು ವರ್ಷ ದಾಟಿದವರು ಬಿಟ್ಟವರಲ್ಲಿ ನೂರಕ್ಕೆ 61, ಬಿಡದವರಲ್ಲಿ 49. ಇಪ್ಪತ್ತೆರಡು ತಿಂಗಳೆಂದರೆ ಹತ್ತಿರಹತ್ತಿರ ಎರಡು ಭಾರತ ಹುಣ್ಣಿಮೆ, ಯಲ್ಲಮ್ಮನ ಗುಡ್ಡಕ್ಕೆ ಎರಡು ಸಲ ಚಕ್ಕಡಿ ಹೂಡಬಹುದು.

ಕಾರಣ ಕೇಳಿದರೆ ನಮ್ಮ ಸವದತ್ತಿ ಬಸ್ಸನ್ನು ನೆನೆಯಿರಿ. ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿದ್ದಾರಲ್ಲ, ಬೀಡಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಮಾಡುವುದು ಅದನ್ನೇ. ಆಮ್ಲಜನಕ ಟಿಕೆಟ್ ಹಿಡಿದು ನಿಂತೇ ಇರುತ್ತದೆ. ಆಮ್ಲಜನಕ ಸಾಲದ ಗಡ್ಡೆಗೆ ಕರೆಂಟು ಸರಿಯಾಗಿ ತಾಗುವುದಿಲ್ಲ (ರೇಡಿಯೇಷನ್ನಿಗೆ ನಮ್ಮಲ್ಲಿ ಕರೆಂಟು ಅಂತಲೇ ಹೆಸರು). ಆಪರೇಷನ್ ಗಾಯವೂ ಬೇಗ ಮಾಯುವುದಿಲ್ಲ.

ಇದನ್ನೆಲ್ಲ ನಾನು ಒದರಿದ್ದೇ ಬಂತು. ಕೊನೆಗೆ ಬಾಯಿ ಮುಚ್ಚಿಸಿದವಳು ರೊಟ್ಟಿ ಬಡಿಯುತ್ತಿದ್ದ ಕಾಕೂ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ‘ಕಳ್ಳರು ಇನ್ನೂ ಒಳಗ ಅದಾರ. ನೀವು ದಿನಾ ಅವರಿಗೆ ಬುತ್ತಿ ಕಳಸಾಕತ್ತೀರಿ. ಮೊದಲ ಬಾಗಲಾ ಹಾಕ್ರಿ!’ ಎಂದವಳೇ ಕಡ್ಡಿಪೆಟ್ಟಿಗೆ ಕಸಿದುಕೊಂಡು ಒಲೆಯ ಮುಂದೆ ಇಟ್ಟುಕೊಂಡಳು.

ಮರುದಿನ ಕಾಕಾ ತಾನಾಗಿಯೇ ಫೋನ್ ಹಚ್ಚಿಕೊಡು ಎಂದ. ತಂಬಾಕು ಬಿಡಿಸುವ ಸರಕಾರಿ ಸಹಾಯವಾಣಿ 1800-11-2356, ದುಡ್ಡು ಬೀಳುವುದಿಲ್ಲ.