ಕರ್ತೃವಿಲ್ಲದ ವಾಕ್ಯ

ರಾಮಮೂರ್ತಿನಗರದ ಬೀದಿಗಳಲ್ಲಿ ಸಂಜೆ ತಿರುಗಾಡುವವರಿಗೆ ಓದಲು ಪುಸ್ತಕ ಬೇಡ. ಗೋಡೆ ಗೇಟುಗಳೇ ಸಾಕು. ‘ಮನೆ ಬಾಡಿಗೆಗಿದೆ’, ‘ಇಲ್ಲಿ ವಾಹನ ನಿಲ್ಲಿಸಬಾರದು.’ ಕೊಡುವವರಾರು, ಬೇಡವೆನ್ನುವವರಾರು ಎಂಬುದನ್ನು ಈ ವಾಕ್ಯಗಳು ಹೇಳುವುದಿಲ್ಲ.

ಸ್ಪೇನ್ ದೇಶದವರು ಬಾಡಿಗೆಯ ಮನೆಯ ಮೇಲೆ ‘ಸೆ ಅಲ್ಕೀಲ’ ಎಂದು ಬರೆಯುವರು. ‘ಸೆ’ ಎಂಬುದು ‘ತನ್ನನ್ನು’ ಎಂಬರ್ಥದ ಸರ್ವನಾಮ. ಅಕ್ಷರಶಃ ನೋಡಿದರೆ ಮನೆಯು ತನ್ನನ್ನು ತಾನೇ ಬಾಡಿಗೆಗೆ ಕೊಟ್ಟುಕೊಳ್ಳುತ್ತದೆ! ನಾವು ನಗಬೇಕಾಗಿಲ್ಲ. ನಮ್ಮ ‘ಕೊಳ್ಳು’ ಧಾತುವಿನ ನಡತೆಯೂ ಇದೇ. ‘ಅನ್ನ ಬಡಿಸಿಕೊಂಡನು’ ಎಂಬಲ್ಲಿ ಫಲವು ಕರ್ತೃವಿಗೇ ಸೇರುವುದು. ‘ಬಾಗಿಲು ತೆರೆದುಕೊಂಡಿತು’ ಎಂಬಲ್ಲಿಯೋ, ತೆರೆದವರೇ ಮಾಯ. ಆದರೆ ‘ಸೆ ಬೀಬೆ ಬಿಯೆನ್ ಅಕೀ’, ಎಂದರೆ ‘ಇಲ್ಲಿ ಸುಖವಾಗಿ ಬಾಳಬಹುದು’ ಎಂಬಲ್ಲಿ ಕರ್ತೃವೂ ಇಲ್ಲ, ಕರ್ಮವೂ ಇಲ್ಲ. ಸಂಸ್ಕೃತದ ಭಾವೇ ಪ್ರಯೋಗಕ್ಕೆ ಇದು ನಂಟು. ಅಲ್ಲಿ ನಮ್ಮ ‘ಕೊಳ್ಳು’ ಸೋಲುವುದು; ‘ಬಹುದು’, ‘ಬೇಕು’, ‘ಬಾರದು’ಗಳು ನೆರವಿಗೆ ಬರುವುವು.

ಇದೆಲ್ಲ ವ್ಯಾಕರಣದ ಸೊಗಸೆಂದೇ ಎಣಿಸಿದ್ದೆನು. ಕಳೆದ ಬೇಸಗೆಯಲ್ಲಿ ನಮ್ಮ ಬೀದಿಯ ಹೊಂಗೆಮರ ಉರುಳಿತು. ವಿಚಾರಿಸಿದೆನು. ‘ಕಡಿಯಲಾಗಿದೆ’ ಎಂದರು. ಯಾರು ಕಡಿದರು? ‘ತೀರ್ಮಾನಿಸಲಾಗಿತ್ತು.’ ತೀರ್ಮಾನಿಸಿದವರು? ‘ಮೇಲಿನಿಂದ ತಿಳಿಸಲಾಗಿದೆ.’ ಬಾಡಿಗೆಯ ಫಲಕದಲ್ಲಿ ಕರ್ತೃವಿಲ್ಲದಿದ್ದರೆ ಚಿಂತೆಯಿಲ್ಲ, ಕೆಳಗೆ ದೂರವಾಣಿಯ ಸಂಖ್ಯೆಯಾದರೂ ಇರುವುದು. ಈ ಉತ್ತರಗಳ ಕೆಳಗೆ ಅದೂ ಇರಲಿಲ್ಲ.

ಮರುದಿನ ಅರ್ಜಿ ಬರೆದೆನು. ಮೊದಲ ಪದವನ್ನೇ ‘ಯಾರು’ ಎಂದು ಇಟ್ಟೆನು.